ಉದ್ದ ಗಂಟೆ

ಕಂಡಕ್ಟರು ತನ್ನನ್ನು ಸ್ನೇಹಲತಾ ಮೇಡಂ ಗಂಡ ಎಂದುಕೊಂಡದ್ದಕ್ಕೆ ಬಸವೇಶನಿಗೆ ಅಷ್ಟೊಂದು ಸಿಟ್ಟು ಬರಬೇಕಾಗಿರಲಿಲ್ಲ. ಕಲ್ಯಾಣದುರ್ಗದಿಂದ ಪಾವಗಡದ ಮೇಲೆ ಹಿಂದೂಪುರಕ್ಕೆ ಹೋಗುವ ಬೆಳಗಿನ ಬಸ್ಸು ಅದು. ಜಾಗ ಸಿಗಲಾರದೆಂದು ಕಿಟಕಿಯೊಳಗೆ ಟವೆಲ್ಲು ತೂರಿಸಿ ಎರಡು ಸೀಟು ಹಿಡಿದವನು ಅವನು; ಅವಳು ಆಮೇಲೆ ಆರಾಮಾಗಿ ಹತ್ತಿ ಬಂದು ಕೂತಳು. ಕಂಡಕ್ಟರು ಅವಳ ಮುಖವನ್ನು ಎರಡೆರಡು ಸಲ ನೋಡಿ, "ಮೇಡಂ, ಮಂಟಲ್ಲೋ ನುಂಚಿ ಪಿಲ್ಲಲ್ನಿ ತೀಸುಕೊಚ್ಚಿಂದಿ ಮೀರೇ ಕದಾ? ಪೇಪರ್‌ಲೋ ಚೂಶಾನು" ಎಂದ. ಬೆಂಕಿಯೊಳಗಿಂದ ಮಕ್ಕಳನ್ನು ಹೊರಗೆ ತಂದವಳು ಅವಳೇ, ಪೇಪರಿನಲ್ಲಿ ಫೋಟೋ ಬಂದದ್ದೂ ನಿಜವೇ. ಅವಳು ನಾಚಿಕೊಂಡು ತಲೆಯಾಡಿಸಿದಳು. ಕಂಡಕ್ಟರು ಟಿಕೆಟ್ಟಿನ ಮಿಷನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿದ. ಆಮೇಲೆ ಬಸವೇಶನ ಕಡೆಗೊಮ್ಮೆ ಕಣ್ಣು ಹಾಯಿಸಿ, "ಸಾರು ಮೀ ಆಯನಾ?" ಎಂದು, ನಿಮ್ಮ ಯಜಮಾನರಾ ಎಂದು, ಅವಳನ್ನೇ ಕೇಳಿದ. ತನ್ನನ್ನು ಕೇಳಲಿಲ್ಲ. ಹದಿನೆಂಟು ವರ್ಷದಿಂದ ಮೇಷ್ಟ್ರಾಗಿರುವವನು, ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಇವನು ಯಾರೆಂಬುದನ್ನು ಮೂರು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಹುಡುಗಿಯ ಬಾಯಿಂದ ಕೇಳಬೇಕು. "ಅಯ್ಯೋ ಕಾದಣ್ಣ, ಮಾ ಸ್ಕೂಲ್ ಸಾರು" ಎಂದು, ಅಲ್ಲ, ನಮ್ಮ ಶಾಲೆಯ ಮೇಷ್ಟ್ರು ಎಂದು, ಅವಳು ನಕ್ಕಳು. ನಗುವಂಥದ್ದು ಅದರಲ್ಲಿ ಏನಿತ್ತೋ.

ಹಿಂದೂಪುರದಲ್ಲಿ ಇವತ್ತು ಎರಡು ಜಿಲ್ಲೆಯ ಮೇಷ್ಟ್ರುಗಳಿಗೆ ತರಬೇತಿ. ಶಾಲೆಯಲ್ಲಿ ಅಪಾಯ ಬಂದರೆ ಏನು ಮಾಡಬೇಕು, ಬಂದು ಹೋದ ಮೇಲೆ ಮಕ್ಕಳ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು ವಿಷಯ. ಸ್ನೇಹಲತಾ ಮಾತಾಡುವವಳು, ಬಸವೇಶ ಕೇಳುವವನು. ಶಾಲೆಯ ಸುರಕ್ಷತೆಯ ಇನ್‌ಚಾರ್ಜು ಕಾಗದದ ಮೇಲೆ ಈಗಲೂ ಅವನೇ. ಹೆಡ್‌ಮಾಸ್ಟರು ಜಯರಾಮಪ್ಪ ಇಬ್ಬರ ಹೆಸರನ್ನೂ ಕಳಿಸಿದ್ದರು, ಆದರೆ ಹೊರಡುವ ಮುಂಚೆ, "ಮೇಡಂನ ಜೋಪಾನವಾಗಿ ಕರ್ಕೊಂಡೋಗಿ ಕರ್ಕೊಂಬನ್ನಿ ಬಸವೇಶಪ್ಪ" ಎಂದಿದ್ದರು. ಜೋಪಾನವಾಗಿ! ಅವನಿಗೆ ಆ ಮಾತು ರಾತ್ರಿಯ ಊಟದಲ್ಲಿ ಕಲ್ಲು ಸಿಕ್ಕಿದಂತೆ ಸಿಕ್ಕಿ, ಬೆಳಗಾದರೂ ಹಲ್ಲಿನಲ್ಲೇ ಇತ್ತು. ನಾಲ್ಕು ತಿಂಗಳ ಹಿಂದೆ ಅಡಿಗೆ ಶೆಡ್ಡಿನಲ್ಲಿ ಗ್ಯಾಸಿನ ಟ್ಯೂಬಿಗೆ ಬೆಂಕಿ ಹತ್ತಿ, ಅಡಿಗೆಯ ಹಂಪಮ್ಮ ಸೌಟು ಬಿಸಾಡಿ ಕೂಗಿಕೊಂಡು ಓಡಿ ಬಂದಾಗ ಹೊಗೆಯನ್ನು ಮೊದಲು ಕಂಡವರು ಯಾರು? ಓಡಿ ಹೋಗಿ ಅಪಾಯದ ಉದ್ದ ಗಂಟೆ ಹೊಡೆದವರು ಯಾರು? ಆರು, ಏಳನೇ ತರಗತಿಯವರನ್ನು ಸಾಲಾಗಿ ಬೇವಿನ ಮರದ ಕೆಳಗೆ ನಿಲ್ಲಿಸಿದವರು ಯಾರು? ಪೇಪರಿನವನಿಗೆ ಇದನ್ನೆಲ್ಲ ಯಾರೂ ಹೇಳಲಿಲ್ಲ. ಹಂಪಮ್ಮ ಈಗ ಚಹಾ ಮಾಡಿದರೆ ಮೊದಲ ಲೋಟ ಸ್ನೇಹಲತಾಗೆ ಹೋಗುತ್ತದೆ. ಹದಿನೆಂಟು ವರ್ಷದಲ್ಲಿ ಮೊದಲ ಲೋಟ ಯಾರದೆಂದು ಅವನು ಒಮ್ಮೆಯಾದರೂ ಗಮನಿಸಿದ್ದನೇ? ಈಗ ದಿನಾ ಗಮನಿಸುತ್ತಾನೆ.

ಬಸ್ಸು ಕಂಬದೂರು ದಾಟಿ ಬಯಲಿಗೆ ಬಿದ್ದಿತು. ಪಕ್ಕದಲ್ಲಿ ಅವಳು ಒಂದು ಚೀಟಿ ಬಿಚ್ಚಿಕೊಂಡು ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡುತ್ತಿದ್ದಳು. ಅದರಲ್ಲಿ ತನ್ನ ಹೆಸರಿದೆಯೇ ಎಂದು ಅವನು ಓರೆಗಣ್ಣಿನಲ್ಲಿ ಹುಡುಕಿದ. ಇರಲಿಲ್ಲ. ಸಿಟ್ಟು ಬಂತು. ಹಿಂದೆಯೇ, ಇಲ್ಲದಿರುವುದೇ ಒಳ್ಳೆಯದಾಯಿತು ಎಂದು ಬೆವರಿದ. ಈ ನಾಲ್ಕು ತಿಂಗಳಿಂದ ಅವನ ಬದುಕು ಹೀಗೇ ಆಗಿಬಿಟ್ಟಿದೆ. ಹೆಸರು ಬರಲಿಲ್ಲವೆಂದು ಹೊಟ್ಟೆ ಉರಿ, ಎಲ್ಲಿ ಬಂದುಬಿಡುತ್ತದೋ ಎಂದು ಹೆದರಿಕೆ. ಯಾಕೆಂದರೆ ಆ ದಿನ ಒಳಗೆ ಉಳಿದಿದ್ದು ಹನ್ನೆರಡು ಮಕ್ಕಳು, ಮೂರನೇ ತರಗತಿಯವರು, ಅವನದೇ ತರಗತಿಯವರು. ಗಂಟೆ ಕೇಳಿಸದೆ ಉಳಿದವರಲ್ಲ ಅವರು, ಕೇಳಿಸಿದ್ದರಿಂದಲೇ ಉಳಿದವರು.

ಅದಕ್ಕೂ ಎರಡು ತಿಂಗಳು ಮುಂಚಿನ ಮಾತು. ಬೆಂಕಿ ಬಿದ್ದರೆ ಮಕ್ಕಳು ಹೇಗೆ ಹೊರಗೆ ಬರಬೇಕೆಂದು ಅಭ್ಯಾಸ ಮಾಡಿಸಿ, ಮೇಲಿನ ಅಧಿಕಾರಿಗಳ ವಾಟ್ಸಾಪ್ ಗ್ರೂಪಿಗೆ ಸಂಜೆಯೊಳಗೆ ಫೋಟೋ ಹಾಕಬೇಕಾಗಿತ್ತು. ಮೇಷ್ಟ್ರುಗಳ ಕಾಲವೆಲ್ಲ ಈಗ ಫೋಟೋದಲ್ಲೇ ಕಳೆಯುತ್ತದೆ: ಹಾಜರಾತಿಗೊಂದು ಫೋಟೋ, ಮೊಟ್ಟೆಗೊಂದು, ಕಕ್ಕಸಿಗೊಂದು. ಬಸವೇಶ ಉದ್ದ ಗಂಟೆ ಹೊಡೆಸಿದ. ದೊಡ್ಡ ಮಕ್ಕಳು ತಲೆಯ ಮೇಲೆ ಕೈ ಇಟ್ಟುಕೊಂಡು ಅಚ್ಚುಕಟ್ಟಾಗಿ ಬಂದು ನಿಂತರು. ಅಷ್ಟರಲ್ಲಿ ಮೂರನೇ ತರಗತಿಯವರು ಕುರಿ ಬಿಟ್ಟ ಹಾಗೆ ಹೋ ಎಂದು ನುಗ್ಗಿ, ಒಬ್ಬ ಬಿದ್ದು, ಇಬ್ಬರು ನಕ್ಕು, ಒಬ್ಬಳು ಕ್ಯಾಮೆರಾ ಮುಂದೆ ಬಂದು ಹಲ್ಲು ಬಿಟ್ಟು ಎಲ್ಲ ಕೆಡಿಸಿದರು. ಎರಡನೇ ಸಲವೂ ಅದೇ ಪಾಡು. ಬಿಸಿಲೇರಿತ್ತು, ಅವನಿಗೆ ರೇಗಿತ್ತು. ಎಲ್ಲರನ್ನೂ ವಾಪಸು ಅಟ್ಟಿ ಕೂರಿಸಿ, ಬೆತ್ತವನ್ನು ಮೇಜಿಗೆ ಬಡಿದು ಹೇಳಿದ: "ನೋಡ್ರಲಾ, ಉದ್ದ ಗಂಟೆ ಹೊಡೆದ್ರೆ ನೀವು ಒಳಗೇ ಕೂತ್ಕಬೇಕು. ಬಾಯ್ ಮೇಲೆ ಬೆಳ್ಳು. ನಾನು ಬಂದು ಹೇಳೋಗಂಟ ಯಾರೂ ಏಳಂಗಿಲ್ಲ." ಮೂರನೇ ಸಲ ಫೋಟೋ ಬಹಳ ಚೆನ್ನಾಗಿ ಬಂತು. ಗ್ರೂಪಿನಲ್ಲಿ ಹೆಬ್ಬೆಟ್ಟಿನ ಗುರುತು ಬಂತು, ಚಪ್ಪಾಳೆಯ ಗುರುತೂ ಬಂತು. ಅವನು ಅದನ್ನು ಹೆಂಡತಿಗೆ ತೋರಿಸಿದ್ದ. ಆಮೇಲೆ ಸಣ್ಣವರಿಗೆ ಬೇರೆಯಾಗಿ ಹೇಳಿಕೊಡಬೇಕು ಅಂದುಕೊಂಡದ್ದು ಮರೆತೇ ಹೋಯಿತು.

ಬೆಂಕಿ ಬಿದ್ದ ದಿನ ಬೇವಿನ ಮರದ ಕೆಳಗೆ ಎಣಿಸಿದಾಗ ಹನ್ನೆರಡು ಕಮ್ಮಿ. ಯಾರು ಕಮ್ಮಿ, ಎಲ್ಲಿದ್ದಾರೆ, ಯಾಕಿದ್ದಾರೆ ಎಲ್ಲ ಆ ಕ್ಷಣದಲ್ಲೇ ಅವನಿಗೆ ಗೊತ್ತಾಗಿಹೋಯಿತು. ಗೊತ್ತಾದರೂ ಮತ್ತೊಮ್ಮೆ ಎಣಿಸಿದ. ಅದೊಂದನ್ನು ಅವನು ಯಾರಿಗೂ, ದೇವರ ಮುಂದೆ ಕೂತಾಗಲೂ ಹೇಳಿಕೊಂಡಿಲ್ಲ. ಒಂದು, ಎರಡು, ಮೂರು ಎಂದು ಬೆರಳು ಮಾಡಿ ಎಣಿಸುತ್ತಿದ್ದಾಗ ಐದನೇ ತರಗತಿಗೆ ಪಾಠ ಮಾಡುವ ಸ್ನೇಹಲತಾ ಸೆರಗನ್ನು ಮೂಗಿಗೆ ಒತ್ತಿಕೊಂಡು ಅವನ ಪಕ್ಕದಲ್ಲೇ ಹಾದು ಶಾಲೆಯೊಳಗೆ ಓಡಿದಳು. ಹನ್ನೊಂದು ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ಕೆಮ್ಮುತ್ತ ಬಂದರು. ಕೊನೆಯಲ್ಲಿ ಅವಳು ರಮ್ಯಾ ಎಂಬ ಹುಡುಗಿಯನ್ನು ಎತ್ತಿಕೊಂಡು ಬಂದಳು. ತರಗತಿಗೆ ಅಂಟಿಕೊಂಡಿದ್ದ ಶೆಡ್ಡಿನ ಚಪ್ಪರದ ಉರಿಯುವ ಗಳವೊಂದು ಕಿಟಕಿಯಿಂದ ಒಳಗೆ ಬಿದ್ದು ಹುಡುಗಿಯ ಎಡಗೈ ಮೊಣಕೈಯವರೆಗೆ ಸುಟ್ಟಿತ್ತು.

ರಮ್ಯಾ ಬದುಕಿಕೊಂಡಳು, ಒಂದೂವರೆ ತಿಂಗಳಾದ ಮೇಲೆ ಶಾಲೆಗೂ ಬಂದಳು. ಕೈಯ ಚರ್ಮ ಬಿಗಿದು ಹೊಳೆಯುತ್ತಿತ್ತು. ಅನಂತಪುರದಿಂದ ಮಕ್ಕಳ ಮನಸ್ಸು ನೋಡುವ ಭ್ರಮರಾಂಬ ಎಂಬ ಮೇಡಂ ಶನಿವಾರ ಶನಿವಾರ ಬರತೊಡಗಿದರು. ಮಕ್ಕಳಿಗೆ ಬಣ್ಣದ ಪೆನ್ಸಿಲು ಕೊಟ್ಟರು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವವರನ್ನು, ಒಲೆ ಕಂಡರೆ ಅಳುವವರನ್ನು ಬೈಯಬೇಡಿ ಎಂದು ತಾಯಂದಿರಿಗೆ ಹೇಳಿದರು. ಉಳಿದ ದಿನಗಳ ಕೆಲಸವನ್ನು ಸ್ನೇಹಲತಾಗೆ ಒಪ್ಪಿಸಿದರು. ಅವಳು ಬೆಳಿಗ್ಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಒಂದು ಹುಣಸೆ ಬೀಜವನ್ನು ಕೈಯಿಂದ ಕೈಗೆ ದಾಟಿಸಿ, "ಇವತ್ತು ಹೊಟ್ಟೆಯೊಳ್ಗೆ ಹೆಂಗೈತೆ?" ಎಂದು ಕೇಳುತ್ತಿದ್ದಳು. ಬಸವೇಶ ಮೂಗು ಮುರಿದ. ಹೊಟ್ಟೆಯೊಳಗೆ ಹೇಗಿರುತ್ತದೆ, ಮುದ್ದೆ ತಿಂದರೆ ಮುದ್ದೆ ಇರುತ್ತದೆ. ಆದರೆ ಗೋಡೆಯ ಈಚೆ ನಿಂತು ದಿನಾ ಕೇಳಿಸಿಕೊಂಡ. ತನ್ನ ತರಗತಿಯ ಮಕ್ಕಳು, ತಾನು ಅ ಆ ತಿದ್ದಿಸಿದ ಮಕ್ಕಳು, ತನಗೆ ಎಂದೂ ಹೇಳದ ಮಾತುಗಳನ್ನು ಅವಳಿಗೆ ಹೇಳುತ್ತಿದ್ದರು. "ನಂಗೆ ನಾಯಿ ಓಡ್ದಂಗೈತೆ ಮೇಡಂ", "ನಂಗೇನೂ ಇಲ್ಲ ಮೇಡಂ, ಖಾಲಿ." ಅವನಿಗೆ ಎರಡು ರೀತಿಯಲ್ಲಿ ಕಿವಿ ಉರಿಯುತ್ತಿತ್ತು. ಅವರು ಅವಳನ್ನು ಹಚ್ಚಿಕೊಂಡದ್ದಕ್ಕೆ ಒಂದು. ಯಾರಾದರೂ, ಸಾರೇ ಕೂತ್ಕಳಿ ಅಂದಿದ್ರು ಎಂದುಬಿಟ್ಟರೆ ಎಂಬುದಕ್ಕೆ ಇನ್ನೊಂದು. ರಮ್ಯಾ ಮಾತ್ರ ಬೀಜವನ್ನು ಮಾತಿಲ್ಲದೆ ಪಕ್ಕದವರಿಗೆ ಕೊಟ್ಟುಬಿಡುತ್ತಿದ್ದಳು. ಬಸವೇಶನನ್ನು ಕಂಡರೆ ತಲೆ ತಗ್ಗಿಸುತ್ತಿದ್ದಳು. ಎಂಟು ವರ್ಷದ ಆ ಹುಡುಗಿಯ ನೆತ್ತಿಯ ಬೈತಲೆ ತನ್ನ ಮೇಲೆ ದೂರು ಹೇಳುತ್ತಿದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಪಾವಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಹಾಕ್ಕೆ ಅವನೇ ಕೊಟ್ಟ. ಸ್ನೇಹಲತಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, "ಸಾ, ಒಂದು ಕೇಳ್ಲಾ?" ಎಂದಳು.

"ಕೇಳಿ ಮೇಡಂ."

"ಗಂಟೆ ಹೊಡೆದ್ರೂ ಮಕ್ಳು ಯಾಕೆ ಒಳಗೇ ಕೂತಿದ್ರು ಅಂತ ಅಲ್ಲಿ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ?"

ಇವಳಿಗೆ ಗೊತ್ತಿದೆ. ಎಷ್ಟು ದಿನದಿಂದ ಗೊತ್ತಿದೆ? ಗೊತ್ತಿದ್ದೂ ದಿನಾ ನಮಸ್ಕಾರ ಸಾ ಎನ್ನುತ್ತಿದ್ದಾಳೆಯೇ? "ಹೆದ್ರಿಕೆ ಅನ್ನಿ" ಎಂದ. "ಸಣ್ಣವು, ಹೆದ್ರಿಕೊಂಡು ಕೂತ್ಬುಟ್ಟವೆ. ಅಷ್ಟೇಯ."

"ಹಂಗೇ ಹೇಳ್ಲಾ ಸಾ?"

"ಮತ್ತಿನ್ನೇನ್ ಹೇಳ್ತೀರಿ?"

ಅವಳು ಅವನನ್ನು ಒಂದು ಗಳಿಗೆ ನೋಡಿ, ಚಹಾ ಕುಡಿದು, ಲೋಟ ಇಟ್ಟಳು. ಇಬ್ಬರೂ ಮತ್ತೆ ಬಸ್ಸು ಹತ್ತಿದರು.

ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿ ಅರವತ್ತು ಕುರ್ಚಿ. ಮುಂದಿನ ಸಾಲಿನಲ್ಲಿ ಸ್ನೇಹಲತಾಗೆ ಹೆಸರು ಬರೆದ ಕುರ್ಚಿ ಇತ್ತು. ಬಸವೇಶ ಅವಳ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದಾಗ ಒಬ್ಬ ಹುಡುಗಿ ಬಂದು, "ಸಾರ್, ಮೀರು ವೆನಕ" ಎಂದು ಹಿಂದಕ್ಕೆ ಕೈ ತೋರಿಸಿದಳು. ಅವನು ಹಿಂದೆ ಹೋದ. ಸ್ನೇಹಲತಾ ಚೀಟಿ ನೋಡದೆ ಮಾತಾಡಿದಳು, ಅರ್ಧ ತೆಲುಗು, ಅರ್ಧ ಕನ್ನಡ. ಬೆಂಕಿಯ ಮಾತನ್ನು ಬೇಗ ಮುಗಿಸಿ ಮಕ್ಕಳ ಮಾತಿಗೆ ಬಂದಳು. ಖಾಲಿ ಎಂದ ಹುಡುಗ ಎರಡು ತಿಂಗಳಾದ ಮೇಲೆ ಒಂದು ದಿನ, ಇವತ್ತು ಸ್ವಲ್ಪ ಐತೆ ಮೇಡಂ ಎಂದದ್ದನ್ನು ಹೇಳಿದಳು. ಕೇಳುತ್ತಿದ್ದವರ ಪಿಸುಮಾತು ನಿಂತಿತು. ಬಸವೇಶನೂ ಮುಂದಕ್ಕೆ ಬಾಗಿ ಕೇಳಿದ. ಬಾಗಿ ಕೇಳಿದ್ದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು. ಇಷ್ಟು ಚೆನ್ನಾಗಿ ಮಾತಾಡಲು ಇವಳು ಎಲ್ಲಿ ಕಲಿತಳು? ತಾನು ಗೋಡೆಯ ಈಚೆ ನಿಂತು ಕೇಳಿದ್ದೂ ಅದನ್ನೇ, ತನಗೆ ಮಾತ್ರ ಯಾಕೆ ಅದು ನಾಯಿ, ಮುದ್ದೆ ಎಂದಷ್ಟೇ ಕೇಳಿಸಿತು? ಅಷ್ಟರಲ್ಲಿ ಗೋರಂಟ್ಲ ಕಡೆಯ ಓಬುಳಪತಿ ಎಂಬ ದಪ್ಪ ಕನ್ನಡಕದ ಮೇಷ್ಟ್ರು ಎದ್ದು, ಗಂಟೆ ಕೇಳಿದ ಮೇಲೂ ಮಕ್ಕಳು ಯಾಕೆ ಹೊರಗೆ ಬರಲಿಲ್ಲ ಎಂದು ಕೇಳಿಯೇಬಿಟ್ಟರು. ಸ್ನೇಹಲತಾ ಹಿಂದಿನ ಸಾಲಿನವರೆಗೆ ಕಣ್ಣು ಹಾಯಿಸಿದಳು. "ಹೆದ್ರಿಕೆ ಸಾರ್" ಎಂದಳು. "ಸಣ್ಣವ್ರು."

ತಪ್ಪಿಸಿಕೊಂಡೆ ಎಂದು ಉಸಿರು ಬಿಟ್ಟ ಬಸವೇಶನಿಗೆ ಮರುಕ್ಷಣವೇ ಅವಳ ಮೇಲೆ ಹಿಂದೆಂದೂ ಬರದಷ್ಟು ಸಿಟ್ಟು ಬಂತು. ಹೊಗಳಿಕೆಯೂ ಅವಳದೇ, ಕ್ಷಮಿಸುವುದೂ ಅವಳದೇ. ತನ್ನ ಪಾಲಿಗೆ ಇದ್ದದ್ದು ಒಂದು ತಪ್ಪು, ಅದನ್ನೂ ಸೆರಗಿನಲ್ಲಿ ಮುಚ್ಚಿಟ್ಟು ದೊಡ್ಡವಳಾದಳು. ಊಟಕ್ಕೆ ಬಿಟ್ಟಾಗ ಕೈ ತೊಳೆಯುವ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದ. "ನಿಮ್ಗೆ ಯಾರು ಹೇಳಿದ್ರು?"

ಅವಳು ಏನೆಂದು ಕೇಳಲಿಲ್ಲ. "ಯಾರೂ ಹೇಳ್ಲಿಲ್ಲ ಸಾ. ಆವತ್ತೇ ಗೊತ್ತಾಯ್ತು" ಎಂದಳು. "ನಾನು ಒಳಕ್ಕೆ ಹೋದಾಗ ಎಲ್ಲಾ ಬಾಯ್ ಮೇಲೆ ಬೆಳ್ಳು ಇಟ್ಕೊಂಡು ಕೂತಿದ್ವು. ಹೊಗೆ ಒಳ್ಗೆ, ಹಂಗೇ. ಬನ್ರೋ ಅಂದೆ, ಹನ್ನೊಂದು ಬಂದ್ವು. ರಮ್ಯಾ ಬರ್ಲಿಲ್ಲ. ಬೆಂಚಿನ ಕಾಲು ತಬ್ಕೊಂಬುಟ್ಟಿದ್ಲು. ನೀವ್ ಹೇಳಿದ್ರೆ ಬರಲ್ಲ, ನಮ್ಮ ಸಾರು ಬಂದು ಹೇಳ್ಬೇಕು ಅಂತ ಒಂದೇ ಹಟ. ನಾನು ಆ ಕೈ ಬಿಡಿಸೋದ್ರೊಳ್ಗೆ ಗಳ ಬಿತ್ತು ಸಾ."

ನಲ್ಲಿ ಸುರಿಯುತ್ತಿತ್ತು. ಯಾರೋ ಬಂದು ನಿಲ್ಲಿಸಿ ಹೋದರು. ಬಸವೇಶನಿಗೆ ಮೊದಲು ಆದದ್ದು ನೋವಲ್ಲ, ಸಂತೋಷ. ಎದೆಯೊಳಗೆ ಏನೋ ಅರಳಿದಂತೆ, ಕಳೆದುಹೋದದ್ದು ಸಿಕ್ಕಿದಂತೆ ಸಂತೋಷವಾಯಿತು. ನೀವ್ ಹೇಳಿದ್ರೆ ಬರಲ್ಲ. ಇವಳು ಕರೆದರೆ ಬರದ ಒಂದು ಮಗು ಆ ಶಾಲೆಯಲ್ಲಿ ಇತ್ತು.

"ಏನಂದ್ಲು?" ಎಂದು ಕೇಳಿದ. "ಇನ್ನೊಂದ್ಸಲ ಹೇಳಿ ಮೇಡಂ."

ಸ್ನೇಹಲತಾ ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ನಿಲ್ಲಿಸಿದಳು. ಅಲ್ಲಿ ಅವಳು ಏನು ಕಂಡಳೋ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿಬಿಟ್ಟಳು. ಆಮೇಲೆ ಬಂತು ನಾಚಿಕೆ. ಕೈ ಸುಟ್ಟುಕೊಂಡ ಹುಡುಗಿಯ ಹಟದಲ್ಲಿ ತನಗೆ ಬಂದ ಹೆಚ್ಚುಗಾರಿಕೆಯನ್ನು ತಾನು ಲೆಕ್ಕ ಹಾಕುತ್ತಿದ್ದೇನೆ. ಇದಕ್ಕಿಂತ ಕೀಳಾಗುವುದು ಹೇಗೆ?

ಮಧ್ಯಾಹ್ನ, ತರಬೇತಿ ನಡೆಸುತ್ತಿದ್ದ ಭ್ರಮರಾಂಬ ಮೇಡಂ, ಇನ್ನಾರಾದರೂ ಮಾತಾಡುತ್ತೀರಾ ಎಂದು ಕೇಳಿದಾಗ ಅವನು ಎದ್ದು ಮುಂದೆ ಹೋಗಿ ಮೈಕು ಹಿಡಿದ. "ಮಕ್ಳು ಹೆದ್ರಿಕೊಂಡು ಕೂತಿರ್ಲಿಲ್ಲ. ಕೂತ್ಕಳಿ ಅಂದಿದ್ದು ನಾನು. ಫೋಟೋ ಚೆನ್ನಾಗಿ ಬರ್ಲಿ ಅಂತ" ಎಂದ. ಎಲ್ಲ ಹೇಳಿದ, ಎರಡನೇ ಸಲ ಎಣಿಸಿದ್ದನ್ನೂ ಹೇಳಿದ. ಬೆಂಚಿನ ಕಾಲು ತಬ್ಬಿಕೊಂಡ ಮಾತನ್ನು ಮಾತ್ರ ಹೇಳಲಿಲ್ಲ, ಅದು ತನ್ನದು ಎಂಬಂತೆ ಇಟ್ಟುಕೊಂಡ. ಬೆಳಿಗ್ಗೆ ಅವಳು ಮಾತಾಡಿದಾಗ ಇದ್ದುದಕ್ಕಿಂತ ಈ ಮೌನ ದೊಡ್ಡದೇ, ಸಣ್ಣದೇ ಎಂದು ಅವನ ಮನಸ್ಸು, ಆ ಹಾಳು ಮನಸ್ಸು, ಅಳೆಯತೊಡಗಿತ್ತು. ಆಗ ಓಬುಳಪತಿ ಕನ್ನಡಕ ತೆಗೆದು ಒರೆಸುತ್ತ, "ಮೇಮೂ ಅಂತೇ ಸಾರ್. ಚಿನ್ನ ಪಿಲ್ಲಲ್ನಿ ಲೋಪಲೇ ಕೂರ್ಚೋಪೆಟ್ಟಾಮು" ಎಂದರು. ನಾವೂ ಅಷ್ಟೇ, ಸಣ್ಣವರನ್ನು ಒಳಗೇ ಕೂರಿಸಿದೆವು ಎಂದು. ಇನ್ನೊಬ್ಬರು ಕೈ ಎತ್ತಿದರು. ಮತ್ತಿಬ್ಬರು. ಬಸವೇಶನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಕಸಿವಿಸಿ. ತನ್ನ ತಪ್ಪೂ ತನ್ನೊಬ್ಬನದಾಗಿ ಉಳಿಯಲಿಲ್ಲ. ಕೊನೆಗೆ ಚಪ್ಪಾಳೆ ಬಿತ್ತು. ಭ್ರಮರಾಂಬ ಮೇಡಂ ಎದ್ದು ಬಂದು, "ಇಷ್ಟು ಜನದ ಮುಂದೆ ಹೇಳೋಕೆ ಧೈರ್ಯ ಬೇಕು ಸಾರ್. ರಮ್ಯಾಗೆ ಹೇಳಿದೀರಾ?" ಎಂದರು. ಇಲ್ಲ ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಅವನಿಗೆ ಚಪ್ಪಾಳೆಯೂ ನೆನಪಿತ್ತು, ಆ ಪ್ರಶ್ನೆಯೂ ನೆನಪಿತ್ತು. ಸ್ನೇಹಲತಾ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು, ಅಥವಾ ಹಾಗೆ ಕಾಣುವಂತೆ ಕೂತಳು.

ಮರುದಿನ ಬೆಳಗಿನ ಬಿಡುವಿನಲ್ಲಿ ಮಕ್ಕಳೆಲ್ಲ ಹೊರಗೆ ಓಡಿದರು. ರಮ್ಯಾ ತನ್ನ ಜಾಗದಲ್ಲೇ ಇದ್ದಳು, ಎಡಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು. ಬಸವೇಶ ಹೋಗಿ ಅವಳ ಮುಂದೆ ನೆಲದ ಮೇಲೆ ಕೂತ. ಹದಿನೆಂಟು ವರ್ಷದಲ್ಲಿ ಯಾವ ಮಗುವಿನ ಮುಂದೆಯೂ ಅವನು ನೆಲದ ಮೇಲೆ ಕೂತವನಲ್ಲ. ಹೇಳಬೇಕಾದದ್ದನ್ನು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ, ಅವಳು ಅತ್ತರೆ ಏನು ಹೇಳಬೇಕು, ಬೈದರೆ ಏನು ಹೇಳಬೇಕು ಎಂಬುದನ್ನೂ.

"ರಮ್ಯಾ, ಒಳಗೇ ಕೂತ್ಕಳಿ ಅಂತ ಹೇಳಿದ್ನಲ್ಲ, ಅದು ನನ್ ತಪ್ಪು ಕಣಮ್ಮ" ಎಂದ. "ನೀನು ಹೊರಕ್ಕೆ ಬಂದಿದ್ದೇ ಒಳ್ಳೇದಾಯ್ತು."

ಅವಳು ತಲೆ ಎತ್ತಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನ ಮುಖ ನೋಡಿದಳು. ಆ ಕಣ್ಣಿನಲ್ಲಿ ದೂರು ಇರಲಿಲ್ಲ, ಹಿಂದೆಯೂ ಇದ್ದಿರಲಿಲ್ಲ. ಇದ್ದದ್ದು ಬೆತ್ತದ ಮುಂದೆ ನಿಂತ ಮಗುವಿನ ಹೆದರಿಕೆ.

"ನಾನು ಏಳ್ಲಿಲ್ಲ ಸಾ" ಎಂದಳು. "ಕೂತೇ ಇದ್ದೆ ಸಾ. ಮೇಡಮ್ಮು ಎಳ್ಕೊಂಡು ಬಂದ್ಬುಟ್ರು. ದೇವ್ರಾಣೆ ನಾನಾಗಿ ಏಳ್ಲಿಲ್ಲ. ಬೇಕಾರೆ ಮೇಡಮ್ನೇ ಕೇಳಿ ಸಾ."

ಅವನು ಇಲ್ಲಮ್ಮ, ಹಂಗಲ್ಲಮ್ಮ ಎಂದು ಕೈ ಚಾಚಿದರೆ ಅವಳು ಕಣ್ಣು ಮುಚ್ಚಿ ಸುಟ್ಟ ಕೈಯನ್ನು ಲಂಗದಿಂದ ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಏಟಿಗೆ ಒಡ್ಡಿದಳು. ಬಸವೇಶ ಬಾಗಿಲ ಕಡೆ ತಿರುಗಿದ. ಅಂಗಳದಲ್ಲಿ ಮಕ್ಕಳ ನಡುವೆ ಸ್ನೇಹಲತಾ ನಿಂತಿದ್ದಳು.

"ಮೇಡಂ" ಎಂದು ಕೂಗಿದ. "ಸ್ವಲ್ಪ ಬನ್ನಿ ಮೇಡಂ. ನನ್ ಕೈಲಿ ಆಗ್ತಿಲ್ಲ."